ತಲೆ ಕೆಡಿಸ್ಕೋಬೇಡ

ಎಲ್ಲರದೂ ಒಂದೇ ಮಾತು:
ತಲೆ ಕೆಡಿಸ್ಕೋಬೇಡ, ಶಿವಲೀಲಾ.
ಹುಬ್ಬಳ್ಳಿಯ ಅಕ್ಕ ಫೋನಿನಲ್ಲಿ,
ಡಿಪೋದ ಮ್ಯಾನೇಜರು ತನ್ನ ಇಂಗ್ಲಿಷಿನಲ್ಲಿ.
ಕೆಟ್ಟಿರುವುದೇ ಅದು, ಅಕ್ಕಾ.
ನಾನು ಕೆಡಿಸಿಕೊಂಡದ್ದಲ್ಲ.

ಸೆಪ್ಟೆಂಬರಿನಲ್ಲಿ, ವೆಂಡೂರಿ ಕೆರೆಯ ದಾರಿಯಲ್ಲಿ,
ಮರಿ ಕಾಯುತ್ತಿದ್ದ ಮ್ಯಾಗ್‌ಪೈ ಒಂದು
ಹಿಂದಿನಿಂದ ಎರಗಿತು.
ಸೈಕಲ್ಲು ಬೇಲಿಗೆ, ನಾನು ಕಲ್ಲಿಗೆ.
ಹೆಲ್ಮೆಟ್ಟು ತನ್ನ ಕೆಲಸ ಮುಗಿಸಿ ಸೀಳಿತು.
ಎದ್ದೆ, ಮಣ್ಣು ಕೊಡವಿದೆ,
ನೋಡುತ್ತಿದ್ದ ಹುಡುಗರಿಗೆ ನಕ್ಕು ಕೈ ಬೀಸಿದೆ,
ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು,
ಮೀಸೆಯೇ ಇಲ್ಲದವಳು.
ಸಂಜೆ ಅನ್ನಕ್ಕಿಟ್ಟ ನೀರು
ಯಾಕೆ ಕುದಿಯುತ್ತಿದೆ ಅಂತ
ಒಲೆಯನ್ನೇ ಕೇಳಿದೆ.

ಆಮೇಲೆ ಒಂದು ನೋಟ್‌ಬುಕ್ಕು.
ಓದಿದ್ದು: ಎರಡು ನಿಮಿಷ. ನಡೆದದ್ದು: ಏಳು.
ಕ್ರಿಸ್‌ಮಸ್ಸಿಗೆ ನಡಿಗೆ ಹದಿನೈದು,
ಯುಗಾದಿಗೆ ಮೂವತ್ತೆಂಟು.
ಅವತ್ತು ಬೆಲ್ಲ ತಿಂದೆ. ಬೇವು ಸಿಗಲಿಲ್ಲ.
ಬೇಕೂ ಇರಲಿಲ್ಲ ಅನ್ನಿಸಿತು.

ಮೇ ತಿಂಗಳ ಒಂದು ಮಂಗಳವಾರ ಡಿಪೋಗೆ ಹೋದೆ.
ಸುಮ್ಮನೆ ಕೂತು ನೋಡು, ಅಂದರು.
ನನ್ನದೇ ಬಸ್ಸು. ಸೀಟು ಮಾತ್ರ
ಇನ್ಯಾರದೋ ಬೆನ್ನಿಗೆ ಒಗ್ಗಿಬಿಟ್ಟಿತ್ತು.
ಕೀಲಿ ತಿರುವಿದೆ.
ಎಂಜಿನ್ನಿನ ನಡುಕ ಪಾದದಿಂದ ಹತ್ತಿ
ಹಲ್ಲಿಗೆ ಬಂತು, ಕಣ್ಣ ಹಿಂದೆ ನಿಂತಿತು.
ಐದು ಕನ್ನಡಿಗಳಲ್ಲಿ ಐದು ಬ್ಯಾಲರಾಟ್,
ಒಂದಕ್ಕೊಂದು ತಾಳೆಯಿಲ್ಲ.
ಇಳಿಯಬೇಕಿತ್ತು.
ಅಂಗಳವನ್ನು ಎರಡು ಸುತ್ತು ಹಾಕಿದೆ.

ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯ್ತಾರೇನು,
ಅಪ್ಪ ಕೇಳುತ್ತಿದ್ದ.
ಹಾಯ್ತಾರೆ, ಅಪ್ಪ.
ಗಟ್ಟಿ ಇಲ್ಲದಿದ್ದರೂ ಹಾಯ್ತಾರೆ.

ಹನ್ನೊಂದು ದಿನ.
ಪರದೆಯ ಮೇಲೊಂದು ಕಂಬಳಿ.
ಫ್ರಿಜ್ಜು ಗುಂಯ್‌ಗುಟ್ಟುವುದನ್ನು ನಿಲ್ಲಿಸಿದಾಗಲೇ
ಅದು ಇಷ್ಟು ಹೊತ್ತು ಹೊಡೆಯುತ್ತಿತ್ತೆಂದು ತಿಳಿಯುವುದು.
ಮಗ ಚಿರಂತ ಕಾರ್ನ್‌ಫ್ಲೇಕ್ಸನ್ನು
ಹಾಲಿನಲ್ಲಿ ಮೆತ್ತಗಾಗುವವರೆಗೆ ಬಿಟ್ಟು ತಿನ್ನುತ್ತಾನೆ,
ಕುರುಕುರು ಸದ್ದು ಅಮ್ಮನಿಗೆ ತಾಗಬಾರದೆಂದು.
ಯಾರೂ ಹೇಳಿಕೊಟ್ಟದ್ದಲ್ಲ.
ಅಳುವಂತಿಲ್ಲ, ಅತ್ತರೆ ಹಣೆ ಸಿಡಿಯುತ್ತದೆ;
ಸಿಟ್ಟಿಗೂ ಅದೇ ದರ.
ಹಾಗಾಗಿ ಅಳುವನ್ನೂ ಕಂತಿನಲ್ಲಿ ತೀರಿಸುತ್ತಿದ್ದೇನೆ.

ನೀನು ಸೊನ್ನೆಗೆ ಬಿದ್ದಿಲ್ಲ, ಅಂದಳು ಫಿಸಿಯೊ ಡೆಬ್ರಾ,
ಕಾಗದದ ಮೇಲೆ ಏರಿಳಿಯುವ ಗೆರೆ ಎಳೆದು.
ನೋಡು, ಈ ತಗ್ಗು ಕೂಡ ಮೊದಲ ತಗ್ಗಿಗಿಂತ ಎತ್ತರ.
ಗೆರೆ ಅಲುಗಾಡುತ್ತಿತ್ತು, ಅಥವಾ ನಾನು.
ನಂಬಲಿಲ್ಲ.
ನಂಬುವುದಕ್ಕೂ ಮಿದುಳು ಬೇಕು.

ಪಕ್ಕದ ಮನೆಯ ಮೊರೀನ್ ಒಬ್ಬಳೇ
ತಲೆಯ ಸುದ್ದಿ ಎತ್ತುವುದಿಲ್ಲ.
ಅವಳ ಗಂಡ ಇಪ್ಪತ್ತು ವರ್ಷ ಫುಟಿ ಆಡಿದವನು,
ಕೊನೆಕೊನೆಗೆ ಅವಳ ಹೆಸರು ಹುಡುಕುತ್ತಿದ್ದನಂತೆ.
ತನ್ನ ಬಾಗಿಲ ದೀಪ ನಮ್ಮ ಕಿಟಕಿಗೆ ಬೀಳುತ್ತದೆಂದು
ಬಲ್ಬನ್ನೇ ಕಳಚಿಟ್ಟಿದ್ದಾಳೆ.
ರಾತ್ರಿ ಅವಳು ಬಂದಾಗ
ಬೀಗದ ಕಿಂಡಿಗೆ ತಡಕಾಡುವ ಕೀಲಿಯ ಸಣ್ಣ ಸದ್ದು.
ಅದೊಂದು ಸದ್ದು ನೋಯುವುದಿಲ್ಲ.

ಹನ್ನೆರಡನೆಯ ಬೆಳಗ್ಗೆ ಹಿತ್ತಲ ಬೇಲಿಯ ಮೇಲೆ
ಮ್ಯಾಗ್‌ಪೈ. ಅದೇನಾ, ಅದರ ನೆಂಟನಾ.
ಕುತ್ತಿಗೆ ಓರೆ ಮಾಡಿ ನೋಡಿತು.
ಮುಖ ಮರೆಯುವ ಜಾತಿಯಲ್ಲವಂತೆ,
ವರ್ಷಗಟ್ಟಲೆ ನೆನಪಿಡುತ್ತದಂತೆ.
ನನಗೋ ಬ್ಯಾಂಕಿನ ನಾಲ್ಕು ಅಂಕಿಯಲ್ಲಿ
ಮೊನ್ನೆ ಮೂರು ಸಿಕ್ಕವು.
ನೀನೇ ಇಟ್ಟುಕೊಂಡಿದ್ದೀಯಾ ಉಳಿದದ್ದು, ಕೇಳಿದೆ.
ಅದು ಗಂಟಲು ಬಿಚ್ಚಿತು,
ಹೂಜಿಯಿಂದ ನೀರು ಬಗ್ಗಿಸಿದ ಹಾಗೆ.
ಹಿಮ ಕೂತ ಹುಲ್ಲಿನಲ್ಲಿ ಚಪ್ಪಲಿಯಿಲ್ಲದೆ ನಿಂತು ಕೇಳಿದೆ,
ಕೈಯಲ್ಲಿ ಹೆಲ್ಮೆಟ್ಟು ಇಲ್ಲ,
ಓಡುವ ಶಕ್ತಿಯೂ ಇಲ್ಲ.

ನೋಟ್‌ಬುಕ್ಕಿನಲ್ಲಿ ಅದಕ್ಕೆ ಸಾಲಿರಲಿಲ್ಲ.
ಅಂಚಿನಲ್ಲಿ ಬರೆದೆ.
ಕೇಳಿದ್ದು: ಮೂರು ನಿಮಿಷ.
ನಡೆದದ್ದು: ನಾಲ್ಕು, ಗೋಡೆ ಹಿಡಿದು.